ಮಳೆಗಾಲಕ್ಕೂ ಸಲ್ಲುವ ಸೌರ ವಿದ್ಯುತ್: ಚಾರ್ಜ್ ಕಂಟ್ರೋಲರ್, ಇನ್ವರ್ಟರ್ ಆಯ್ಕೆಯ ಲೆಕ್ಕ

ಮಲೆನಾಡಿನ ಒಂಟಿ ಮನೆಗಳಿಗೆ ಬ್ಯಾಟರಿ ಸಹಿತ ಸೌರ ವಿದ್ಯುತ್ ಹೊಸದಲ್ಲ. 1995ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಸೆಲ್ಕೋದಂಥ ಸಂಸ್ಥೆಗಳು ಬ್ಯಾಂಕ್ ಸಾಲದ ಜೊತೆಗೇ ಸೋಲಾರ್ ದೀಪಗಳನ್ನು ಹಳ್ಳಿಗಳಿಗೆ ಒಯ್ದವು. ಅಂದಿನ ಜೋಡಣೆ ಸರಳ: ಚಿಕ್ಕ ಪ್ಯಾನೆಲ್, 12 ವೋಲ್ಟ್ ಬ್ಯಾಟರಿ, ನೇರವಾಗಿ ಡಿಸಿಯಲ್ಲಿ ಉರಿಯುವ ದೀಪ. ಇಂದು ಟಿವಿ, ಮಿಕ್ಸಿ ಸೇರಿವೆ, ಇನ್ವರ್ಟರ್ ಬಂದಿದೆ, ಪ್ಯಾನೆಲ್‌ಗಳು ದೊಡ್ಡದಾಗಿವೆ. ಬೇಸಿಗೆಯಲ್ಲಿ ಇವೆಲ್ಲ ಹೊಂದಿಕೊಂಡು ಹೋಗುತ್ತವೆ. ಆಷಾಢದಲ್ಲಿ ಬ್ಯಾಟರಿ ಸೋತಾಗ ದೂರು ಪ್ಯಾನೆಲ್ ಮೇಲೆ ಬೀಳುತ್ತದೆ. ಆದರೆ ಕೊರತೆಯ ದೊಡ್ಡ ಪಾಲು ಕೊಳ್ಳುವಾಗ ಯಾರೂ ಕೇಳದ ಎರಡು ಅಂಕಿಗಳಲ್ಲಿದೆ ಎಂಬುದು ಈ ಟಿಪ್ಪಣಿಯ ವಾದ. ಇನ್ವರ್ಟರ್ ಸುಮ್ಮನಿದ್ದಾಗ ಎಳೆಯುವ ಕರೆಂಟು ಒಂದು. ಪ್ಯಾನೆಲ್ಲಿನ ವೋಲ್ಟೇಜಿಗೂ ಕಂಟ್ರೋಲರಿಗೂ ಇರುವ ಹೊಂದಾಣಿಕೆ ಇನ್ನೊಂದು.

1. ಇನ್ವರ್ಟರಿನ ಸ್ವಂತ ಖರ್ಚು

ಸಾಧಾರಣ ಮನೆಯೊಂದರ ದಿನದ ಲೆಕ್ಕ ಹೀಗಿರಲಿ. 9 ವ್ಯಾಟಿನ ಐದು ಎಲ್‌ಇಡಿ ಸಂಜೆ 4 ಗಂಟೆ ಉರಿದರೆ 180 ವ್ಯಾಟ್-ಗಂಟೆ. 30 ವ್ಯಾಟಿನ ಬಿಎಲ್‌ಡಿಸಿ ಫ್ಯಾನ್ ರಾತ್ರಿ 6 ಗಂಟೆ ತಿರುಗಿದರೆ 180. 40 ವ್ಯಾಟಿನ ಟಿವಿ 3 ಗಂಟೆಗೆ 120. ಮಿಕ್ಸಿಗೆ ಸುಮಾರು 80. ಒಟ್ಟು 560. ಇನ್ವರ್ಟರಿನ ದಕ್ಷತೆ ಶೇ. 85 ಎಂದಾದರೆ ಬ್ಯಾಟರಿಯಿಂದ ಹೋಗುವುದು ಸುಮಾರು 660. 12 ವೋಲ್ಟ್, 150 ಆಂಪಿಯರ್-ಗಂಟೆಯ ಟ್ಯೂಬುಲರ್ ಬ್ಯಾಟರಿಯಲ್ಲಿ 1800 ವ್ಯಾಟ್-ಗಂಟೆ ಇದೆ. ಬಾಳಿಕೆಯ ದೃಷ್ಟಿಯಿಂದ ಅರ್ಧ ಬಳಸಿದರೆ 900. ಕಾಗದದ ಮೇಲೆ ಇದು ಸಾಕು.

ಲೋಡ್ ಇಲ್ಲದ ಉಳಿದ 14 ಗಂಟೆ ಏನಾಗುತ್ತದೆ? ಇನ್ವರ್ಟರ್ ಸುಮ್ಮನಿದ್ದೇ 1.5 ಆಂಪಿಯರ್, ಅಂದರೆ 18 ವ್ಯಾಟ್ ಎಳೆಯುತ್ತಿದ್ದರೆ 252 ವ್ಯಾಟ್-ಗಂಟೆ ಸೋರುತ್ತದೆ. ಒಟ್ಟು 912, ಮಿತಿ ದಾಟಿತು. ಅರ್ಧ ಆಂಪಿಯರ್ ಮಾತ್ರ ಎಳೆಯುವ ಇನ್ವರ್ಟರಿನಲ್ಲಿ ಈ ಸೋರಿಕೆ 84ಕ್ಕೆ ಇಳಿಯುತ್ತದೆ. ಉಳಿತಾಯವಾದ 168, ಐದೂ ದೀಪಗಳ ಒಂದು ಸಂಜೆಯ ಖರ್ಚಿಗೆ ಹೆಚ್ಚುಕಡಿಮೆ ಸಮ. ದೀಪ, ಫ್ಯಾನುಗಳನ್ನು 12 ವೋಲ್ಟ್ ಡಿಸಿಯಲ್ಲೇ ಇಟ್ಟು, ಟಿವಿ, ಮಿಕ್ಸಿಗೆ ಮಾತ್ರ ಇನ್ವರ್ಟರ್ ಹಾಕಿ ಆರಿಸಿದರೆ ಉಳಿತಾಯ ಇನ್ನೂ ಹೆಚ್ಚು. ಹಳೆಯ ಡಿಸಿ ವೈರಿಂಗನ್ನು ಕಿತ್ತೆಸೆಯಬಾರದು ಎನ್ನಲು ಇದೇ ಕಾರಣ.

ಸಾಮರ್ಥ್ಯ ನೋಡುವಾಗ ವಿಎ ಅಂಕಿಗಿಂತ ವ್ಯಾಟ್ ಅಂಕಿ ಮುಖ್ಯ. ಎರಡೂ ಒಂದೇ ಅಲ್ಲ. ಮಿಕ್ಸಿ, ಫ್ರಿಜ್ಜಿನ ಮೋಟಾರುಗಳು ಶುರುವಾಗುವ ಕ್ಷಣದಲ್ಲಿ ತಮ್ಮ ಅಂಕಿತ ವ್ಯಾಟಿನ ಕೆಲವು ಪಟ್ಟು ಕೇಳುತ್ತವೆ. ಸ್ಕ್ವೇರ್ ವೇವ್ ಇನ್ವರ್ಟರಿನಲ್ಲಿ ಮೋಟಾರು ಗುಂಯ್‌ಗುಡುತ್ತ ಬಿಸಿಯಾಗುತ್ತದೆ. ಅಂಥ ಲೋಡಿಗೆ ಪ್ಯೂರ್ ಸೈನ್ ವೇವ್ ಇರಲೇಬೇಕು.

2. ಪ್ಯಾನೆಲ್ ಮತ್ತು ಕಂಟ್ರೋಲರ್

ಪಿಡಬ್ಲ್ಯುಎಂ ಕಂಟ್ರೋಲರ್ ಪ್ಯಾನೆಲ್ಲನ್ನು ನೇರವಾಗಿ ಬ್ಯಾಟರಿಗೆ ಜೋಡಿಸುತ್ತದೆ. ಪ್ಯಾನೆಲ್ ಬ್ಯಾಟರಿಯ ವೋಲ್ಟೇಜಿಗೇ ಇಳಿದು ಕೆಲಸ ಮಾಡಬೇಕು. ಸುಮಾರು 30 ವೋಲ್ಟ್, 8.3 ಆಂಪಿಯರಿನ 60 ಸೆಲ್ಲುಗಳ 250 ವ್ಯಾಟ್ ಪ್ಯಾನೆಲ್ಲನ್ನು 13 ವೋಲ್ಟಿನ ಬ್ಯಾಟರಿಗೆ ಹೀಗೆ ಕಟ್ಟಿದರೆ ಸಿಗುವುದು 108 ವ್ಯಾಟ್. ಅರ್ಧಕ್ಕಿಂತ ಹೆಚ್ಚು ನಷ್ಟ. ಎಂಪಿಪಿಟಿ ಕಂಟ್ರೋಲರ್ ಹೆಚ್ಚಿನ ವೋಲ್ಟೇಜನ್ನು ಕರೆಂಟಾಗಿ ಪರಿವರ್ತಿಸುತ್ತದೆ, ಶೇ. 95 ದಕ್ಷತೆಯಲ್ಲಿ 237 ವ್ಯಾಟ್ ದೊರೆಯುತ್ತದೆ.

ಹಾಗೆಂದು ಪಿಡಬ್ಲ್ಯುಎಂ ಎಲ್ಲೆಡೆ ತಪ್ಪಲ್ಲ. 36 ಸೆಲ್ಲುಗಳ 100 ವ್ಯಾಟ್ ಪ್ಯಾನೆಲ್ ಸುಮಾರು 18 ವೋಲ್ಟಿನದು. ಕರಾವಳಿಯ ಬಿಸಿಲಿಗೆ ಸೆಲ್ಲುಗಳು 60 ಡಿಗ್ರಿಗೆ ಕಾದಾಗ ಅದು 15ರ ಆಸುಪಾಸಿಗೆ ಇಳಿದು ಬ್ಯಾಟರಿಯ ಸಮೀಪಕ್ಕೇ ಬರುತ್ತದೆ. ಆಗ ಎಂಪಿಪಿಟಿಯಿಂದ ಆಗುವ ಲಾಭ ಅಲ್ಪ. ಎರಡು ದೀಪದ ಮನೆಗೆ ಅಗ್ಗದ ಪಿಡಬ್ಲ್ಯುಎಂ ಸಾಕು.

ದೊಡ್ಡ ಪ್ಯಾನೆಲ್ಲಿಗೆ ಬಂದರೆ ಇನ್ನೊಂದು ಎಚ್ಚರ ಬೇಕು. ಇಂದಿನ 540 ವ್ಯಾಟ್ ಪ್ಯಾನೆಲ್ಲಿನ ಓಪನ್ ಸರ್ಕ್ಯೂಟ್ ವೋಲ್ಟೇಜ್ ಸುಮಾರು 49.5. ಎರಡನ್ನು ಸರಣಿಯಲ್ಲಿ ಜೋಡಿಸಿದರೆ 99. 100 ವೋಲ್ಟ್ ಮಿತಿಯ ಕಂಟ್ರೋಲರಿಗೆ ಸರಿಹೋಯಿತೆಂದು ತೋರುತ್ತದೆ. ಆದರೆ ಈ ಅಂಕಿ ಸೆಲ್ 25 ಡಿಗ್ರಿ ಇದ್ದಾಗಿನದು. ಪ್ರತಿ ಡಿಗ್ರಿ ತಂಪಿಗೆ ವೋಲ್ಟೇಜ್ ಶೇ. 0.27ರಷ್ಟು ಏರುವ ಪ್ಯಾನೆಲ್ಲಾದರೆ, ಮಾಗಿಯ 12 ಡಿಗ್ರಿಯ ಮುಂಜಾನೆ ಅದು 102ನ್ನು ದಾಟುತ್ತದೆ. ಕಂಟ್ರೋಲರ್ ಸುಟ್ಟುಹೋಗಲು ಇಷ್ಟು ಸಾಕು. ಎರಡನ್ನೂ ಸಮಾಂತರವಾಗಿ ಕಟ್ಟಬೇಕು, ಇಲ್ಲವೇ 150 ವೋಲ್ಟ್ ಮಿತಿಯ ಕಂಟ್ರೋಲರ್ ತರಬೇಕು.

3. ಮಳೆಗಾಲದ ಗುಣಾಕಾರ

ಮೋಡ ದಟ್ಟವಾದಾಗ ಪ್ಯಾನೆಲ್ ತನ್ನ ಅಂಕಿತ ಸಾಮರ್ಥ್ಯದ ಐದನೇ ಒಂದು ಪಾಲನ್ನೂ ಕೊಡದಿರುವುದು ಸಾಮಾನ್ಯ. ಆದ್ದರಿಂದ ಆಗುಂಬೆ, ತೀರ್ಥಹಳ್ಳಿಯ ಕಡೆ ಪ್ಯಾನೆಲ್ ಹೆಚ್ಚು ಹಾಕುವುದು ವಿವೇಕವೇ. ಬೇಸಿಗೆಯಲ್ಲಿ ಮಾತ್ರ ಅದೇ 540 ವ್ಯಾಟ್ 12 ವೋಲ್ಟ್ ಬ್ಯಾಟರಿಗೆ 40 ಆಂಪಿಯರ್ ತಳ್ಳಬಲ್ಲದು. 150 ಆಂಪಿಯರ್-ಗಂಟೆಯ ಟ್ಯೂಬುಲರಿಗೆ ಹಿತವಾದುದು 15ರಿಂದ 20. ಚಾರ್ಜಿಂಗ್ ಕರೆಂಟಿಗೆ ಮಿತಿ ಹಾಕಬಲ್ಲ ಎಂಪಿಪಿಟಿ ಇಲ್ಲಿ ಬ್ಯಾಟರಿಯ ಕಾವಲಿಗೂ ಬೇಕು.

ದಿನಗಟ್ಟಲೆ ಅರೆಚಾರ್ಜಿನಲ್ಲಿ ಉಳಿದ ಲೆಡ್-ಆಸಿಡ್ ಬ್ಯಾಟರಿಯ ಪ್ಲೇಟುಗಳ ಮೇಲೆ ಸಲ್ಫೇಟ್ ಗಟ್ಟಿಯಾಗುತ್ತದೆ. ಅಂಥ ಬ್ಯಾಟರಿಗೆ ಅಬ್ಸಾರ್ಪ್ಷನ್, ಅಂದರೆ ಚಾರ್ಜ್ ಪೂರ್ತಿಗೊಳಿಸುವ ಹಂತದ ವೋಲ್ಟೇಜ್, 14.4 ವೋಲ್ಟಿಗೆ ಕಡಿಮೆಯಾಗದಂತೆ, ಉಷ್ಣತೆಗೆ ತಕ್ಕ ತಿದ್ದುಪಡಿಯೊಂದಿಗೆ ಇರಬೇಕು. ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಹಾಕಿದರೆ ಈಕ್ವಲೈಸೇಷನ್ (ಬೇಕೆಂದೇ ಹೆಚ್ಚಿನ ವೋಲ್ಟೇಜಿನಲ್ಲಿ ಚಾರ್ಜ್ ಮಾಡುವ ಹಂತ) ಬಂದ್ ಮಾಡಲೇಬೇಕು. ಆಯ್ದ ಬ್ಯಾಟರಿಗೆ ತಕ್ಕ ಸೆಟ್ಟಿಂಗ್ ಇಲ್ಲದ ಕಂಟ್ರೋಲರನ್ನು ಎಷ್ಟು ಅಗ್ಗವಿದ್ದರೂ ಕೊಳ್ಳಬಾರದು.

4. ನಿರ್ಣಯ

ಆಯ್ಕೆಯ ಕ್ರಮ ಹೀಗಿರಬೇಕು: ಮೊದಲು ಲೋಡ್, ಬಳಿಕ ಇನ್ವರ್ಟರ್, ಅದರ ಸ್ವಂತ ಖರ್ಚನ್ನೂ ಕೂಡಿಸಿ ಬ್ಯಾಟರಿ, ಮಳೆಗಾಲ ನೋಡಿ ಪ್ಯಾನೆಲ್, ಕೊನೆಗೆ ಇವೆಲ್ಲಕ್ಕೂ ಒಗ್ಗುವ ಕಂಟ್ರೋಲರ್. ಇನ್ವರ್ಟರಿನ ಬ್ಯಾಟರಿ ವೈರಿಗೆ ಡಿಸಿ ಕ್ಲ್ಯಾಂಪ್ ಮೀಟರ್ ಹಾಕಿ, ಲೋಡ್ ಇಲ್ಲದಾಗಿನ ಕರೆಂಟು ಎಷ್ಟೆಂದು ಅಂಗಡಿಯಲ್ಲೇ ನೋಡಬಹುದು. ಗ್ರಾಹಕರು ಅದನ್ನು ಕೇಳಿ ಪಡೆಯಬೇಕು. ತಯಾರಕರು ವಿಎ ಅಂಕಿಯನ್ನು ದೊಡ್ಡದಾಗಿ ಮುದ್ರಿಸುವಂತೆ ಈ ಅಂಕಿಯನ್ನೂ ಪೆಟ್ಟಿಗೆಯ ಮೇಲೆ ಮುದ್ರಿಸುವುದು ಕಡ್ಡಾಯವಾಗಬೇಕು.