ಒಂದೇ ದಂಡಿನ ಇಬ್ಬರು ಸೇನಾಪತಿಗಳು

ಸಂತಾಜಿ ಘೋರ್ಪಡೆ, ಧನಾಜಿ ಜಾಧವ ಎಂಬ ಹೆಸರುಗಳನ್ನು ನಮ್ಮ ಗಡಿಭಾಗದಲ್ಲಿ ಬಿಡಿಬಿಡಿಯಾಗಿ ಹೇಳುವ ರೂಢಿಯಿಲ್ಲ. ನೀರು ಕುಡಿಯಲೊಲ್ಲದ ಕುದುರೆಯನ್ನು ಮೊಗಲ ಸವಾರರು ‘ನೀರಿನಲ್ಲಿ ಸಂತಾಜಿ-ಧನಾಜಿ ಕಂಡರೇನು?’ ಎಂದು ಗದರಿಸುತ್ತಿದ್ದರೆಂಬ ಮಾತನ್ನು ಶಾಲೆಯ ಮಕ್ಕಳೂ ಬಲ್ಲರು. ಈ ಜೋಡಿ ಪರಸ್ಪರ ಖಡ್ಗ ಹಿರಿದ ಸಂಗತಿಯನ್ನು ಮಾತ್ರ ನಾವು ಅಷ್ಟಾಗಿ ನೆನೆಯುವುದಿಲ್ಲ.

ಆಗ ಸೈನಿಕ ಶಾಲೆಗಳಿರಲಿಲ್ಲ. ಹಿರಿಯ ಸರದಾರನ ದಂಡೇ ಶಾಲೆ. ಇವರಿಬ್ಬರೂ ಹಂಬೀರರಾವ್ ಮೋಹಿತೆಯವರ ಕೈಕೆಳಗೆ ಪಳಗಿದವರು. 1689ರಲ್ಲಿ ಸಂಭಾಜಿ ಮಹಾರಾಜರು ಹತರಾಗಿ, ರಾಜಾರಾಮ ಮಹಾರಾಜರು ದೂರದ ಜಿಂಜಿಯ ಕೋಟೆಯನ್ನು ಸೇರಿದಾಗ ರಾಜ್ಯವನ್ನು ಉಳಿಸುವ ಭಾರ ಇವರ ಮೇಲೆ ಬಿತ್ತು. 1692ರ ಕೊನೆಯಲ್ಲಿ ಜಿಂಜಿಗೆ ಹಾಕಿದ್ದ ಮೊಗಲರ ಮುತ್ತಿಗೆಯನ್ನು ಇಬ್ಬರೂ ಸೇರಿಯೇ ಕಂಗೆಡಿಸಿದರು.

ಸಂತಾಜಿಯವರ ಶೌರ್ಯಕ್ಕೆ ಕನ್ನಡ ನೆಲವೇ ಸಾಕ್ಷಿ. 1695ರ ನವೆಂಬರಿನಲ್ಲಿ ಚಿತ್ರದುರ್ಗ ಸೀಮೆಯ ದೊಡ್ಡೇರಿಯಲ್ಲಿ ಮೊಗಲ ಸರದಾರ ಕಾಸಿಂ ಖಾನನನ್ನು ಸುತ್ತುವರಿದು, ಅವನ ಸೈನ್ಯಕ್ಕೆ ಅನ್ನವೂ ಕುದುರೆಗಳಿಗೆ ಮೇವೂ ಸಿಗದಂತೆ ಮಾಡಿದರು. ಖಾನನು ಅಲ್ಲಿಯೇ ಸತ್ತನು; ಉಳಿದವರು ಹಣ ತೆತ್ತು ಪಾರಾದರು. ಎರಡು ತಿಂಗಳೊಳಗೆ ಬಸವಾಪಟ್ಟಣದ ಬಳಿ ಹಿಮ್ಮತ್ ಖಾನನೂ ಮಡಿದನು.

ಆದರೆ ಸಂತಾಜಿಯವರದು ಬಹು ನಿಷ್ಠುರ ಸ್ವಭಾವ, ಶಿಸ್ತಿಗೆ ತಪ್ಪಿದವನಿಗೆ ಕ್ಷಮೆಯಿಲ್ಲ. ಧನಾಜಿಯವರು ದರಬಾರಿಗೆ ಬೇಕಾದವರು. ಸೇನಾಪತಿಯ ಪದವಿಯನ್ನು ಒಮ್ಮೆ ಇವರಿಗೆ, ಒಮ್ಮೆ ಅವರಿಗೆ ಕೊಟ್ಟ ಜಿಂಜಿಯ ದರಬಾರವೂ ಈ ವೈರಕ್ಕೆ ಹೊಣೆಯೆಂಬುದು ನಮ್ಮ ಅಭಿಪ್ರಾಯ. 1696ರಲ್ಲಿ ವೃದ್ಧಾಚಲದ ಹತ್ತಿರ ಇಬ್ಬರ ಸೈನ್ಯಗಳೂ ಕಾದಿದವು. ರಾಜಾರಾಮರು ಧನಾಜಿಯ ಪಕ್ಷದಲ್ಲಿದ್ದರು; ಗೆದ್ದವರು ಸಂತಾಜಿ. ಸೆರೆಸಿಕ್ಕ ಅಮೃತರಾವ್ ನಿಂಬಾಳ್ಕರರನ್ನು ಅವರು ಆನೆಯಿಂದ ತುಳಿಸಿ ಕೊಲ್ಲಿಸಿದರು. ಆದರೆ ಕೈಗೆ ಸಿಕ್ಕ ರಾಜನ ಮುಂದೆ ತಮ್ಮ ಕೈಗಳನ್ನೇ ಕಟ್ಟಿಕೊಂಡು ವಿನಯದಿಂದ ನಿಂತರಂತೆ! ಇಂಥವರನ್ನು ದ್ರೋಹಿಯೆನ್ನಲು ನಮ್ಮ ಮನಸ್ಸೊಪ್ಪದು.

ಮರುವರ್ಷ ಅವರ ದಂಡಿನವರೇ ಧನಾಜಿಯ ಕಡೆಗೆ ಸರಿದರು. ಶಂಭು ಮಹಾದೇವದ ಗುಡ್ಡಗಳಲ್ಲಿ ಅಲೆಯುತ್ತಿದ್ದ ಸೇನಾಪತಿಯನ್ನು ಮ್ಹಸವಡದ ನಾಗೋಜಿ ಮಾನೆ ಕೊಂದನು. ಅಮೃತರಾಯರು ನಾಗೋಜಿಯ ಹೆಂಡತಿಯ ಒಡಹುಟ್ಟಿದವರು.

ಅಮೆರಿಕದ ಅಂತರ್ಯುದ್ಧದಲ್ಲಿಯೂ ವೆಸ್ಟ್ ಪಾಯಿಂಟ್ ಸೈನಿಕ ಶಾಲೆಯ ಗೆಳೆಯರಾದ ಗ್ರಾಂಟ್ ಮತ್ತು ಬಕ್ನರ್ ಎದುರುಬದುರಾದರು. 1862ರಲ್ಲಿ ಬಕ್ನರ್ ಶರಣಾದನು; 1885ರಲ್ಲಿ ಗ್ರಾಂಟನ ಅಂತ್ಯಯಾತ್ರೆಯಲ್ಲಿ ಗೌರವದ ಸ್ಥಾನದಲ್ಲಿ ನಡೆದವರಲ್ಲಿ ಅವನೂ ಒಬ್ಬ. ನಮ್ಮ ಸೇನಾಪತಿಗಳಿಗೆ ಅಂಥ ಕಾಲ ಕೂಡಿಬರಲಿಲ್ಲ.

ಧನಾಜಿಯವರ ಪಾಲಿಗೆ ಮನೆಯ ಕಲಹ ಅಲ್ಲಿಗೆ ಮುಗಿಯಲೂ ಇಲ್ಲ. 1707ರಲ್ಲಿ ಶಾಹು ಮಹಾರಾಜರನ್ನು ತಡೆಯಲು ರಾಣಿ ತಾರಾಬಾಯಿ ಅವರನ್ನೇ ಕಳಿಸಿದಳು; ಖೇಡದಲ್ಲಿ ಅವರು ಶಾಹುವಿನ ಪಕ್ಷ ಸೇರಿದರು. ಮರುವರ್ಷ ವಡಗಾವದಲ್ಲಿ ತೀರಿಕೊಂಡರು. ಅವರ ಸಮಾಧಿ ಅಲ್ಲಿದೆ. ಸಂತಾಜಿಯವರ ಆಶ್ರಯದಲ್ಲಿ ಬೆಳೆದ ನಾರೋ ಮಹಾದೇವ ಜೋಶಿಯವರು ಕೃತಜ್ಞತೆಯಿಂದ ಘೋರ್ಪಡೆ ಎಂಬ ಹೆಸರನ್ನೇ ಧರಿಸಿದರು. ಇಚಲಕರಂಜಿಯ ಸಂಸ್ಥಾನ ಅವರ ಮನೆತನದ್ದು. ಸಂತಾಜಿಯವರದೆಂದು ಜನ ಕೈಮುಗಿಯುವ ಸಮಾಧಿ ನಮ್ಮ ಶಿರೋಳ ತಾಲೂಕಿನಲ್ಲಿಯೇ, ಕುರುಂದವಾಡದ ಹೊಳೆಯ ದಂಡೆಯಲ್ಲಿದೆ.