ಕರುಣೆಯಿಂದ ಕಸುಬಿನೆಡೆಗೆ: ಅಂಗವಿಕಲರ ವೃತ್ತಿ ತರಬೇತಿ ನಡೆದು ಬಂದ ದಾರಿ

'ಕೈ ಕೆಸರಾದರೆ ಬಾಯಿ ಮೊಸರು' ಎಂಬುದು ನಮ್ಮ ಹಿರಿಯರ ಮಾತು. ಆದರೆ ಕೈಯನ್ನೇ ಕಳೆದುಕೊಂಡವನಿಗೆ, ಕಾಲಿನಲ್ಲಿ ಬಲವಿಲ್ಲದವನಿಗೆ, ಕಣ್ಣಿನ ಬೆಳಕಿಲ್ಲದವನಿಗೆ ಆ ಮೊಸರು ಎಲ್ಲಿಂದ ಬರಬೇಕು? ಈ ಪ್ರಶ್ನೆಗೆ ಸಮಾಜ ಬಹುಕಾಲ ಕೊಟ್ಟ ಉತ್ತರ ಭಿಕ್ಷೆ ಮಾತ್ರ. ಅಂಗವಿಕಲನಿಗೂ ಕಸುಬು ಕಲಿಸಬಹುದು, ಅವನೂ ದುಡಿದು ಮನೆ ನಡೆಸಬಲ್ಲ ಎಂಬ ತಿಳಿವಳಿಕೆ ನಿಧಾನವಾಗಿ ಬೆಳೆದು ಬಂತು. ಆ ಚರಿತ್ರೆಯನ್ನು ಸಂಕ್ಷಿಪ್ತವಾಗಿ ನೋಡೋಣ.

ನಮ್ಮ ಪರಂಪರೆಯಲ್ಲಿ ಇದಕ್ಕೆ ಬೇರುಗಳಿವೆ. ಬೇಡಲು ಬಂದ ಅನ್ಸಾರಿಯೊಬ್ಬರ ಮನೆಯಲ್ಲಿದ್ದ ಕಂಬಳಿ ಮತ್ತು ಬಟ್ಟಲನ್ನು ಪ್ರವಾದಿ ಮುಹಮ್ಮದ್(ಸ) ಎರಡು ದಿರ್ಹಮಿಗೆ ಮಾರಿಸಿದರು. ಒಂದರಲ್ಲಿ ಮನೆಗೆ ಆಹಾರ, ಇನ್ನೊಂದರಲ್ಲಿ ಕೊಡಲಿ ತರಿಸಿ, ಸ್ವತಃ ಹಿಡಿ ಜೋಡಿಸಿ, ಸೌದೆ ಕಡಿಯಲು ಕಳುಹಿಸಿದ ಘಟನೆಯನ್ನು ಹದೀಸ್ ಗ್ರಂಥಗಳಲ್ಲಿ ಓದಿದ್ದೇವೆ. ದೃಷ್ಟಿಯಿಲ್ಲದ ಹಝ್ರತ್ ಅಬ್ದುಲ್ಲಾ ಇಬ್ನ್ ಉಮ್ಮಿ ಮಕ್ತೂಮ್(ರ) ಮದೀನದಲ್ಲಿ ಅಝಾನ್ ಕೊಡುತ್ತಿದ್ದರು. ಪ್ರವಾದಿಯವರು(ಸ) ಊರಿನಿಂದ ಹೊರ ಹೋದಾಗ ಅನೇಕ ಬಾರಿ ಅವರಿಗೇ ಹೊಣೆ ವಹಿಸಿದ್ದುಂಟು. ದಾನಕ್ಕಿಂತ ದುಡಿಮೆ, ಅನುಕಂಪಕ್ಕಿಂತ ಹೊಣೆ ಹಿರಿದು ಎಂಬ ಪಾಠ ಇಲ್ಲಿದೆ.

ಯುರೋಪಿನಲ್ಲಿ ಸಂಘಟಿತ ಪ್ರಯತ್ನ ಆರಂಭಿಸಿದವರಲ್ಲಿ ವ್ಯಾಲೆಂಟಿನ್ ಹಾಯ್ ಪ್ರಮುಖರು. ಅವರು 1785ರಲ್ಲಿ ಪ್ಯಾರಿಸಿನಲ್ಲಿ ತೆರೆದ ಅಂಧರ ಶಾಲೆಯಲ್ಲಿ ಓದಿನ ಜೊತೆಗೆ ಕೈಕೆಲಸವೂ ಇತ್ತು. 1819ರಲ್ಲಿ ಅದೇ ಶಾಲೆ ಸೇರಿದ ಲೂಯಿ ಬ್ರೈಲ್, ಮೂರನೆಯ ವಯಸ್ಸಿನಲ್ಲಿ ತಂದೆಯ ಚರ್ಮದ ಕಾರ್ಯಾಗಾರದಲ್ಲಿ ಮೊನಚಾದ ಉಪಕರಣ ತಗುಲಿ ದೃಷ್ಟಿ ಕಳೆದುಕೊಂಡಿದ್ದವರು. ಮುಂದೆ ಮೊನಚಾದ ಕಡ್ಡಿಯಿಂದಲೇ ಕಾಗದದ ಮೇಲೆ ಚುಕ್ಕೆಗಳನ್ನೊತ್ತಿ ಲೋಕಕ್ಕೆ ಹೊಸ ಲಿಪಿಯನ್ನು ಕೊಟ್ಟರು. ನಮ್ಮ ನಾಡಿನಲ್ಲಿ ಮೈಸೂರಿನಲ್ಲಿ 1901ರಲ್ಲಿ ಎಂ. ಶ್ರೀನಿವಾಸರಾಯರು ಕಿವುಡರು ಹಾಗೂ ಅಂಧರ ಶಾಲೆಯನ್ನು ಆರಂಭಿಸಿದರು.

ವೃತ್ತಿ ತರಬೇತಿಗೆ ನಿಜವಾದ ಒತ್ತು ಕೊಟ್ಟದ್ದು ಮಹಾಯುದ್ಧಗಳು. ಮೊದಲನೆಯ ಮಹಾಯುದ್ಧಕ್ಕೆ ಭಾರತದಿಂದ ಹತ್ತು ಲಕ್ಷಕ್ಕೂ ಹೆಚ್ಚು ಮಂದಿ ಕಡಲಾಚೆ ಹೋದರು. ಪಂಜಾಬಿನ ಮುಸ್ಲಿಮರು, ಸಿಖ್ಖರು, ಗೂರ್ಖರು, ಮರಾಠರು ಹೀಗೆ ಬಹುಪಾಲು ರೈತರ ಮಕ್ಕಳು. ಕಾಲು ಕಳೆದುಕೊಂಡು ಮರಳಿದವನು ನೇಗಿಲು ಹಿಡಿಯುವಂತಿರಲಿಲ್ಲ. ಪಿಂಚಣಿಯೊಂದರಿಂದಲೇ ಬದುಕಿಗೆ ಅರ್ಥ ಬರುವಂತೆಯೂ ಇರಲಿಲ್ಲ. ಆಗ ಮುಂಬಯಿ ಗವರ್ನರರ ಪತ್ನಿ ಲೇಡಿ ವಿಲ್ಲಿಂಗ್ಡನ್ 1917ರಲ್ಲಿ ಮುಂಬಯಿಯಲ್ಲಿ ಕ್ವೀನ್ ಮೇರಿ ತಾಂತ್ರಿಕ ಶಾಲೆಯನ್ನು ಸ್ಥಾಪಿಸಿದರು. ಮುಂದೆ ಅದು ಪುಣೆಯ ಖಡಕಿಗೆ ಸ್ಥಳಾಂತರಗೊಂಡಿತು. ಗಾಯಾಳು ಯೋಧರಿಗೆ ಹೊಲಿಗೆಯಿಂದ ಹಿಡಿದು ಯಂತ್ರಗಳ ಕೆಲಸದವರೆಗೆ ಅಲ್ಲಿ ಕಲಿಸಲಾಯಿತು.

ಎರಡನೆಯ ಮಹಾಯುದ್ಧದ ನಡುವೆ, 1943ರಲ್ಲಿ, ಯುದ್ಧದಲ್ಲಿ ಅಂಧರಾದ ಭಾರತೀಯ ಯೋಧರಿಗಾಗಿ ಡೆಹ್ರಾಡೂನಿನಲ್ಲಿ ಸೇಂಟ್ ಡನ್‌ಸ್ಟನ್ಸ್ ವಸತಿ ಕೇಂದ್ರ ತೆರೆಯಿತು. ಅದನ್ನು ಮುನ್ನಡೆಸಿದ ನ್ಯೂಜಿಲೆಂಡಿನ ಸರ್ ಕ್ಲೂಥ ಮೆಕೆಂಜಿ ಸ್ವತಃ 1915ರ ಗಲಿಪೋಲಿ ಕದನದಲ್ಲಿ ಕಣ್ಣು ಕಳೆದುಕೊಂಡವರು. ಕಲಿಸುವವನೂ ಕಲಿಯುವವನೂ ಒಂದೇ ಕತ್ತಲೆಯನ್ನು ಬಲ್ಲವರಾಗಿದ್ದರು. ಸ್ವಾತಂತ್ರ್ಯಾನಂತರ 1950ರಲ್ಲಿ ಅದರ ಮುಂದುವರಿಕೆಯಾಗಿ ವಯಸ್ಕ ಅಂಧರ ತರಬೇತಿ ಕೇಂದ್ರ ರೂಪುಗೊಂಡು, ಸೈನಿಕರಲ್ಲದವರಿಗೂ ಬಾಗಿಲು ತೆರೆಯಿತು.

ತರಬೇತಿಯ ನಂತರ ಕೆಲಸ ಬೇಕಲ್ಲವೇ? 1959ರಲ್ಲಿ ಮುಂಬಯಿಯಲ್ಲಿ ಅಂಗವಿಕಲರಿಗಾಗಿಯೇ ದೇಶದ ಮೊದಲ ವಿಶೇಷ ಉದ್ಯೋಗ ವಿನಿಮಯ ಕೇಂದ್ರ ಆರಂಭವಾಯಿತು. 1968ರಲ್ಲಿ ಮುಂಬಯಿ ಹಾಗೂ ಹೈದರಾಬಾದಿನಲ್ಲಿ ವೃತ್ತಿ ಪುನರ್ವಸತಿ ಕೇಂದ್ರಗಳು ಬಂದವು. ಬೆಂಗಳೂರಿನಲ್ಲಿ, ಸ್ವತಃ ಅಂಗವೈಕಲ್ಯವಿದ್ದ ಎನ್.ಎಸ್. ಹೇಮಾ ಅವರು 1959ರಲ್ಲಿ ಕಟ್ಟಿದ ಎ.ಪಿ.ಡಿ. ಸಂಸ್ಥೆ ತಾಂತ್ರಿಕ ಕೆಲಸಗಳ ಜೊತೆಗೆ ತೋಟಗಾರಿಕೆಯನ್ನೂ ಕಲಿಸಿತು. ಅಂಗವಿಕಲನೆಂದರೆ ನಾಲ್ಕು ಗೋಡೆಗಳ ನಡುವೆ ಕೂರಬೇಕಾದವನು ಎಂಬ ನಂಬಿಕೆಗೆ ಇದು ಒಳ್ಳೆಯ ಉತ್ತರ.

ಈ ಚರಿತ್ರೆಯಲ್ಲಿ ಒಂದು ತಪ್ಪೂ ಇದೆ. ಯಾರಿಗೆ ಯಾವ ಕಸುಬು ಎಂಬುದನ್ನು ಬಹುಕಾಲ ಇತರರೇ ನಿರ್ಧರಿಸಿದರು. ಅಂಧನಿಗೆ ಬೆತ್ತದ ಕುರ್ಚಿ, ಕುಂಟನಿಗೆ ಹೊಲಿಗೆ ಯಂತ್ರ ಎಂದು ಮೊದಲೇ ಬರೆದಿಟ್ಟಂತಿತ್ತು. ಪ್ಲಾಸ್ಟಿಕ್ ಕುರ್ಚಿ, ಸಿದ್ಧ ಉಡುಪು ಬಂದಾಗ ಕಲಿತ ವಿದ್ಯೆಯ ಬೆಲೆ ಕುಸಿಯಿತು. ಪರದೆಯ ಮೇಲಿನ ಬರಹವನ್ನು ಓದಿ ಹೇಳುವ ತಂತ್ರಾಂಶ ಬಂದ ಮೇಲೆ ದೃಷ್ಟಿಯಿಲ್ಲದವರೂ ಕಂಪ್ಯೂಟರಿನ ಮುಂದೆ ಕುಳಿತು ದುಡಿಯುತ್ತಿದ್ದಾರೆ. ಅಂದರೆ, ಕಾಲಕ್ಕೆ ತಕ್ಕ ಕಸುಬನ್ನು ಕಲಿಸಬೇಕು. ಕಲಿಯುವವನ ಆಸಕ್ತಿಯನ್ನು ಕೇಳಿ ಕಲಿಸಬೇಕು.

1995ರ ಕಾಯಿದೆ ಸರ್ಕಾರಿ ಉದ್ಯೋಗದಲ್ಲಿ ಶೇ. 3 ಮೀಸಲಾತಿ ಕೊಟ್ಟಿತು. 2016ರ ಕಾಯಿದೆ ಅದನ್ನು ಶೇ. 4ಕ್ಕೆ ಏರಿಸಿ, ಸರ್ಕಾರಿ ಹಾಗೂ ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಶೇ. 5 ಸ್ಥಾನ ಮೀಸಲಿಟ್ಟಿತು. ಎಲ್ಲರಿಗೂ ಇರುವ ವೃತ್ತಿ ತರಬೇತಿ ಯೋಜನೆಗಳಲ್ಲೇ ಅಂಗವಿಕಲರನ್ನೂ ಸೇರಿಸಿಕೊಳ್ಳಬೇಕೆಂದಿತು. 2011ರ ಜನಗಣತಿಯಂತೆ ದೇಶದಲ್ಲಿ 2.68 ಕೋಟಿ, ಕರ್ನಾಟಕದಲ್ಲಿ 13 ಲಕ್ಷಕ್ಕೂ ಹೆಚ್ಚು ಅಂಗವಿಕಲರಿದ್ದರು. ಅವರಲ್ಲಿ ನಮ್ಮ ಮೊಹಲ್ಲಾದ ಮಕ್ಕಳೂ ಇದ್ದಾರೆ.

ರಮಝಾನಿನಲ್ಲಿ ಮಸೀದಿಯ ಬಾಗಿಲ ಬಳಿ ಕುಳಿತವನ ಕೈಗೆ ನಾಣ್ಯ ಹಾಕಿ ಮುಂದೆ ಸಾಗುತ್ತೇವೆ. ಮರುವರ್ಷವೂ ಅವನು ಅಲ್ಲೇ ಇರುತ್ತಾನೆ. ನಮ್ಮ ಝಕಾತ್, ಸದಖಾದ ಒಂದು ಪಾಲು ಅಂತಹ ಒಬ್ಬ ಹುಡುಗನ ತರಬೇತಿಗೆ, ಒಬ್ಬ ಹುಡುಗಿಯ ಗಾಲಿಕುರ್ಚಿಗೆ, ನಮ್ಮ ಶಾಲೆಯ ಮೆಟ್ಟಿಲ ಪಕ್ಕದ ಇಳಿಜಾರು ದಾರಿಗೆ ಸಲ್ಲಬಾರದೇ? ವಿದ್ಯಾರ್ಥಿಗಳೇ, ನಿಮ್ಮ ನೆರೆಯಲ್ಲಿ ಶಾಲೆ ಬಿಟ್ಟು ಮನೆಯಲ್ಲಿ ಕುಳಿತ ಅಂತಹ ಗೆಳೆಯನಿದ್ದರೆ ಅವನ ಮನೆಗೆ ಹೋಗಿ, ಏನು ಕಲಿಯುವ ಆಸೆಯಿದೆ ಎಂದು ಕೇಳಿ. ಆ ಕೊಡಲಿಗೆ ಹಿಡಿ ಜೋಡಿಸುವ ಕೆಲಸ ಈಗ ನಮ್ಮದು.