ಕೋಲಾರದ ಚಿನ್ನ: ನಷ್ಟ ಯಾರ ಲೆಕ್ಕದ್ದು?

ಚಿನ್ನದ ಗಣಿ ಮುಚ್ಚಿದ್ದು ಯಾಕೆ ಅಂತ ಬಂಗಾರಪೇಟೆಯಲ್ಲಿ ಯಾರನ್ನಾದರೂ ಕೇಳಿ. ಚಿನ್ನ ಮುಗೀತು, ನಷ್ಟ ಬಂತು, ಮುಚ್ಚಿದ್ರು ಅಂತಾರೆ. ಇನ್ನೂ ಸ್ವಲ್ಪ ಓದಿಕೊಂಡವರು 1991ರ ನೀತಿಯನ್ನು ಬೈಯುತ್ತಾರೆ. ಯೋಜನೆಯ ಕಾಲ ಸಾಕಿದ್ದನ್ನು ಜಾಗತೀಕರಣ ಕೊಂದಿತು ಅನ್ನುತ್ತಾರೆ. ಎರಡೂ ಅರ್ಧ ಮಾತು. ನಷ್ಟ ಅನ್ನೋ ಪದ ಗಣಿಯ ಲೆಕ್ಕದ ಪುಸ್ತಕಕ್ಕೆ ಹೇಗೆ ಹೊಕ್ಕಿತು ಅಂತ ತಿಳಿಯಬೇಕಾದರೆ 1991ಕ್ಕಿಂತ ಮೂವತ್ತು ವರ್ಷ ಹಿಂದಕ್ಕೆ ಹೋಗಬೇಕು.

ಲಂಡನ್ನಿನ ಜಾನ್ ಟೇಲರ್ ಕಂಪನಿ 1880ರಲ್ಲಿ ಇಲ್ಲಿಗೆ ಬಂತು. ಒಳಗೆ ಇಳಿಸೋಕೆ ಉತ್ತರ ಆರ್ಕಾಟು, ಚಿತ್ತೂರು ಕಡೆಯಿಂದ ಕೂಲಿಗಳನ್ನು ತಂದರು. ಅವರಲ್ಲಿ ಬಹುಪಾಲು ಪರೆಯರು, ಜಮೀನ್ದಾರನ ಜೀತದಿಂದ ತಪ್ಪಿಸಿಕೊಂಡು ಬಂದವರು. ಊರೊಳಗೆ ಜಾಗ ಇಲ್ಲದವರಿಗೆ ನೆಲದೊಳಗೆ ಮೂರು ಕಿಲೋಮೀಟರಿಗೂ ಆಳದಲ್ಲಿ ಜಾಗ ಸಿಕ್ಕಿತು. 1902ರಲ್ಲಿ ಶಿವನಸಮುದ್ರದ ಕರೆಂಟು ಮೊದಲು ಬಂದದ್ದು ಈ ಗಣಿಗೆ. ಬೆಂಗಳೂರು ಇನ್ನೂ ಮೂರು ವರ್ಷ ಕಾಯಬೇಕಾಯ್ತು. ಕರೆಂಟು ಯಂತ್ರಕ್ಕೆ, ಬಿದಿರ ತಟ್ಟಿಯ ಗುಡಿಸಲು ಕೂಲಿಗೆ. 1940ರ ದಶಕದಲ್ಲಿ ವೈದ್ಯರು ಪರೀಕ್ಷೆ ಮಾಡಿದ 7653 ಕಾರ್ಮಿಕರಲ್ಲಿ 100ಕ್ಕೆ 40ಕ್ಕೂ ಹೆಚ್ಚು ಮಂದಿಗೆ ಕಲ್ಲುದೂಳಿನ ಶ್ವಾಸರೋಗ, ಸಿಲಿಕೋಸಿಸ್ ಇತ್ತು. ಇದೇ ಜನ ಮಾರಿಕುಪ್ಪಂನಲ್ಲಿ ಅಯೋತಿ ದಾಸರ ಬೌದ್ಧ ಸಂಘ ಕಟ್ಟಿದರು, 1930ರಲ್ಲಿ ಮುಷ್ಕರ ಹೂಡಿದರು, 1946ರ ನವೆಂಬರ್ 4ರಂದು ಪೊಲೀಸರ ಗುಂಡಿಗೆ ಆರು ಮಂದಿಯನ್ನು ಕಳಕೊಂಡರು. ಅದರ ಕತೆಯೇ ಬೇರೆ ಬರೆಯಬೇಕು.

1956ಕ್ಕೆ ಬರೋಣ. ಏಪ್ರಿಲ್‌ನಲ್ಲಿ ಕೇಂದ್ರದ ಕೈಗಾರಿಕಾ ನೀತಿ ನಿರ್ಣಯ ಬಂತು. ಚಿನ್ನದ ಗಣಿಗಾರಿಕೆ ಸರ್ಕಾರಕ್ಕೇ ಮೀಸಲಾದ ಪಟ್ಟಿಗೆ ಸೇರಿತು. ನವೆಂಬರ್‌ನಲ್ಲಿ ಮೈಸೂರು ಸರ್ಕಾರ ಗಣಿಗಳನ್ನು ರಾಷ್ಟ್ರೀಕರಣ ಮಾಡಿತು. ಬಿಳಿ ದೊರೆ ಹೋದ, ಗಣಿ ನಮ್ಮದಾಯ್ತು ಅನ್ನಬಹುದಾದ ದಿನ ಅದು. ಆದರೆ ಗಣಿ ಯಾರದಾದರೂ ಗಟ್ಟಿ ಯಾವ ಬೆಲೆಗೆ ಹೋಗುತ್ತೆ ಅನ್ನೋದು ಬೇರೆ ಪ್ರಶ್ನೆ.

ಎರಡನೇ ಪಂಚವಾರ್ಷಿಕ ಯೋಜನೆ ಭಾರೀ ಕಾರ್ಖಾನೆಗಳ ಯೋಜನೆ. ಯಂತ್ರಗಳನ್ನು ಹೊರದೇಶದಿಂದ ತರಬೇಕು, ತರೋಕೆ ವಿದೇಶಿ ವಿನಿಮಯ ಬೇಕು. 1957ರ ಹೊತ್ತಿಗೆ ಅದು ಬರಿದಾಗುತ್ತಿತ್ತು. ಆಗ ದಿಲ್ಲಿಯ ಕಣ್ಣು ಕೋಲಾರದ ಚಿನ್ನದ ಮೇಲೆ ಬಿತ್ತು. ತಗೊಳ್ಳಲಿ, ದೇಶಕ್ಕೆ ಬೇಕು. ಕೊಟ್ಟ ಬೆಲೆ ಯಾವುದು? ಅಂತಾರಾಷ್ಟ್ರೀಯ ಹಣಕಾಸು ನಿಧಿ ಒಪ್ಪಿದ ದರ, ಔನ್ಸಿಗೆ 35 ಡಾಲರ್. ಅದು 1934ರಲ್ಲಿ ಅಮೆರಿಕದ ರೂಸ್‌ವೆಲ್ಟ್ ಕಟ್ಟಿದ ದರ! ನಮ್ಮ ಲೆಕ್ಕದಲ್ಲಿ ತೊಲಕ್ಕೆ 62 ರೂಪಾಯಿ 50 ಪೈಸೆ. 1960ರ ದಶಕದ ಆರಂಭದಲ್ಲಿ ಪೇಟೆಯಲ್ಲಿ ಅದೇ ತೊಲ ಇದರ ದುಪ್ಪಟ್ಟು ಬೆಲೆಗೆ ಹೋಗುತ್ತಿತ್ತು. ಶಾಫ್ಟಿಗೆ ಬೇಕಾದ ಮರ, ಉಕ್ಕು, ಮದ್ದು, ಕೂಲಿಯವನ ಮನೆಯ ಅಕ್ಕಿ ಬೇಳೆ, ಇವು ಯಾವುವೂ 1934ರ ಬೆಲೆಯಲ್ಲಿ ನಿಂತಿರಲಿಲ್ಲ.

ಹೀಗೆ ಹುಟ್ಟಿತು 'ನಷ್ಟ'. ಅಗೆದವನಿಂದ ಅರ್ಧ ಬೆಲೆಗೆ ತಗೊಂಡು, ಆಮೇಲೆ ನೀನು ನಷ್ಟದಲ್ಲಿದ್ದೀಯ ಅನ್ನೋದು. ಸಾಹುಕಾರ ನಮ್ಮ ರಾಗಿಯನ್ನು ಕಣದಲ್ಲೇ ಅಳೆದುಕೊಂಡು ಹೋಗಿ ಆಮೇಲೆ ಸಾಲದ ಬುಕ್ಕು ತೋರಿಸುತ್ತಿದ್ದನಲ್ಲ, ಅದೇ ಲೆಕ್ಕ. ಮೈಸೂರು ಸರ್ಕಾರ ಈ ಭಾರ ಹೊರಲಾರದೆ 1962ರ ಡಿಸೆಂಬರ್ 1ರಂದು ಗಣಿಗಳನ್ನು ಕೇಂದ್ರಕ್ಕೆ ಒಪ್ಪಿಸಿತು. ಗಣಿಗಳು ಸೇರಿದ್ದು ಹಣಕಾಸು ಖಾತೆಗೆ, ಗಣಿ ಖಾತೆಗಲ್ಲ. ಮುಂದಿನ ತಿಂಗಳೇ ಮೊರಾರ್ಜಿ ದೇಸಾಯಿಯವರ ಚಿನ್ನ ನಿಯಂತ್ರಣ ಬಂತು. (ಆ ದಶಕದಲ್ಲೇ ಚಾಂಪಿಯನ್ ರೀಫಿನ ಆಳದಲ್ಲಿ ವಿಜ್ಞಾನಿಗಳು ನ್ಯೂಟ್ರಿನೊ ಹಿಡಿದು ಜಗತ್ತಿನಲ್ಲಿ ಹೆಸರು ಮಾಡಿದರು. ಆ ಆಳವನ್ನು ಕೊರೆದವರ ಹೆಸರು ಯಾವ ಲೇಖನದಲ್ಲೂ ಇಲ್ಲ.)

1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಆಯ್ತು. ಅದುರು ಕಮ್ಮಿಯಾದದ್ದು ಸುಳ್ಳಲ್ಲ. ಮೊದಮೊದಲು ಟನ್ ಕಲ್ಲಿಗೆ 40 ಗ್ರಾಂಗೂ ಹೆಚ್ಚು ಸಿಗುತ್ತಿದ್ದದ್ದು ಕೊನೆಗೆ 3 ಗ್ರಾಂ ಆಸುಪಾಸಿಗೆ ಇಳಿಯಿತು. ಆದರೆ ಒಳ್ಳೆ ವರ್ಷಗಳ ಹಣ ಗಣಿಯಲ್ಲಿ ಉಳಿದಿದ್ದರೆ ಹೊಸ ಜಾಗ ಹುಡುಕೋಕೆ, ಹಳೇ ಯಂತ್ರ ಬದಲಿಸೋಕೆ ಒಂದಷ್ಟು ಕೈಯಲ್ಲಿರುತ್ತಿತ್ತು. ಅದು ಯೋಜನೆಯ ಹೆಸರಲ್ಲಿ ಮೊದಲೇ ಹೋಗಿತ್ತು.

ಆಮೇಲೆ 1991. ಮೇ ತಿಂಗಳಲ್ಲಿ ಸರ್ಕಾರ 20 ಟನ್ ಚಿನ್ನವನ್ನು ಸ್ವಿಸ್ ಬ್ಯಾಂಕಿಗೆ ಕಳಿಸಿತು, ಜುಲೈನಲ್ಲಿ ಸುಮಾರು 47 ಟನ್ ಗಿರವಿಯಾಗಿ ವಿಮಾನ ಹತ್ತಿತು, ಬ್ಯಾಂಕ್ ಆಫ್ ಇಂಗ್ಲೆಂಡಿನ ಕಡೆಗೆ. ಹೊಸ ಆರ್ಥಿಕ ನೀತಿ ಬಾಗಿಲು ತೆರೆದದ್ದೇ ಚಿನ್ನ ಒತ್ತೆಯಿಟ್ಟು. ಮರುವರ್ಷ ಗಣಿ ಕಂಪನಿಯನ್ನು 'ರೋಗಗ್ರಸ್ತ' ಅಂತ ಕೈಗಾರಿಕಾ ಪುನರ್ನಿರ್ಮಾಣ ಮಂಡಲಿಗೆ ಒಪ್ಪಿಸಿದರು. ಹಳೇ ನಷ್ಟದ ಪುಸ್ತಕವೇ ಸಾಕ್ಷಿ. ಯೋಜನೆಯ ಕಾಲ ಬರೆದಿಟ್ಟ ಲೆಕ್ಕವನ್ನು ಮಾರುಕಟ್ಟೆಯ ಕಾಲ ಓದಿ ತೀರ್ಪು ಕೊಟ್ಟಿತು. ಯಾರೂ ಲೆಕ್ಕ ತಿದ್ದಲಿಲ್ಲ.

1999ರಿಂದ ಬ್ಯಾಂಕ್ ಆಫ್ ಇಂಗ್ಲೆಂಡ್ ತನ್ನ ಚಿನ್ನವನ್ನು ಮಾರತೊಡಗಿತ್ತು. ಜಗತ್ತಿನ ದರ ಇಪ್ಪತ್ತು ವರ್ಷಗಳಲ್ಲೇ ಕೆಳಗೆ, ಔನ್ಸಿಗೆ 250-270 ಡಾಲರಿನ ನಡುವೆ ಬಿದ್ದಿತ್ತು. ಅದೇ ಹೊತ್ತು ನೋಡಿ 2001ರ ಫೆಬ್ರವರಿ 28ರಂದು ಗಣಿ ಮುಚ್ಚಿದರು. ಸುಮಾರು ಮೂರೂವರೆ ಸಾವಿರ ಮಂದಿ ಮನೆಗೆ. ಹತ್ತು ವರ್ಷದಲ್ಲಿ ದರ 1900 ಡಾಲರಿಗೆ ಏರಿತು. ಈ ದೇಶ ಈಗ ವರ್ಷಕ್ಕೆ ನೂರಾರು ಟನ್ ಚಿನ್ನವನ್ನು ಹೊರಗಿಂದ ತರಿಸುತ್ತೆ.

ಗಣಿಯವರ ಮಕ್ಕಳು ಮಾರಿಕುಪ್ಪಂನಲ್ಲಿ ರೈಲು ಹತ್ತಿ, ಬಂಗಾರಪೇಟೆ ದಾಟಿ, ದಿನಾ ಬೆಂಗಳೂರಿಗೆ ದುಡಿಯೋಕೆ ಹೋಗಿ ಬರ್ತಾರೆ. ಅಜ್ಜಂದಿರು ಕೂಲಿಗೆ ಬಂದ ಊರಿನಿಂದ ಮೊಮ್ಮಕ್ಕಳು ಕೂಲಿಗೆ ಹೊರಗೆ ಹೋಗೋದು. 1964ರಲ್ಲಿ ಹುಟ್ಟಿದ ಬಿಇಎಂಎಲ್ ಕಾರ್ಖಾನೆ ಪಕ್ಕದಲ್ಲೇ ಇದೆ. 2021ರಲ್ಲಿ ಅದರ ಆಡಳಿತದ ಹಿಡಿತವನ್ನೂ ಸೇರಿಸಿ 26 ಶೇಕಡಾ ಪಾಲನ್ನು ಮಾರೋಕೆ ಕೇಂದ್ರ ಅರ್ಜಿ ಕರೆದಿತ್ತು. ಗಣಿಗೆ ಜಾಗತಿಕ ಟೆಂಡರ್ ಕರೆಯೋ ದಾರಿಯನ್ನು 2013ರಲ್ಲೇ ಸುಪ್ರೀಂ ಕೋರ್ಟ್ ಬಿಟ್ಟುಕೊಟ್ಟಿತ್ತು.

ಉಳಿದಿರೋದು ಸೈನೈಡ್ ದಿಬ್ಬಗಳು, ಮೂರು ಕೋಟಿ ಟನ್ನಿಗೂ ಹೆಚ್ಚು ಪುಡಿ. ಗಾಳಿಕಾಲದಲ್ಲಿ ಅದರ ದೂಳು ಲೈನುಗಳ ಮನೆಯೊಳಗೆ, ಅನ್ನದ ತಟ್ಟೆಗೆ ಬೀಳುತ್ತೆ. 2024ರಲ್ಲಿ 13 ದಿಬ್ಬಗಳ ಮರುಗಣಿಗಾರಿಕೆಗೆ ರಾಜ್ಯ ಸಂಪುಟ ಒಪ್ಪಿತು. ಟನ್ನಿಗೆ ಒಂದು ಗ್ರಾಂ ಕೂಡ ಇಲ್ಲದ ಚಿನ್ನ ಅದು. ಆದರೂ ಲಾಭ ಇದೆಯಂತೆ, ಯಾಕಂದರೆ ಈ ಸಲ ಲೆಕ್ಕವನ್ನು ಪೇಟೆ ಬೆಲೆಯಲ್ಲೇ ಹಾಕಿದ್ದಾರೆ.